ಕೂಲಿ ಎಂದರೆ ಹಲ್ಲು

ತುಳುವಿನಲ್ಲಿ ಹಲ್ಲಿಗೆ ಕೂಲಿ ಅನ್ನುತ್ತಾರೆ. ಹಲ್ಲುನೋವು ಅಂದರೆ ಕೂಲಿ ಬೇನೆ. ಕನ್ನಡ ಶಾಲೆಯ ಬೆಂಚಿನಲ್ಲಿ ಕೂತ ಮೇಲೆ ನಮಗೆ ಗೊತ್ತಾಯಿತು, ಕನ್ನಡದಲ್ಲಿ ಕೂಲಿ ಬೇರೆ. ಬೆಳಗಿನಿಂದ ಬೈಗಿನ ತನಕ ಮೈ ಮುರಿದರೆ ಅಂಗೈಗೆ ಬೀಳುವ ಕಾಸು ಅದು. ಭಾಷಾಶಾಸ್ತ್ರ ಓದಿದವರು ಈ ಎರಡು ಶಬ್ದಕ್ಕೂ ಸಂಬಂಧವಿಲ್ಲ ಅನ್ನಬಹುದು. ಇರಲಿ. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ನಮ್ಮ ಕಾಲನಿಗಳಲ್ಲಿ ಮಾತ್ರ ಸಂಬಂಧ ಉಂಟು. ಕನ್ನಡದ ಕೂಲಿ ಕಡಿಮೆಯಾದ ಮನೆಯಲ್ಲಿ ತುಳುವಿನ ಕೂಲಿ ಬೇಗ ಉದುರುತ್ತದೆ.

ಬಿ.ಸಿ. ರೋಡಿನಲ್ಲಿ ಬಸ್ಸು ಹತ್ತಿ ಬೆಳ್ತಂಗಡಿಗೆ ಹೋಗಿ. ಅಲ್ಲಿಂದ ಗುರುವಾಯನಕೆರೆ, ವೇಣೂರು ದಾಟಿ ಮೂಡುಬಿದಿರೆಗೆ ಬನ್ನಿ. ದಾರಿಯ ಪೇಟೆಗಳಲ್ಲಿ ಹಲ್ಲಿನ ಕ್ಲಿನಿಕ್ಕುಗಳ ಬೋರ್ಡು ಕಾಣುತ್ತವೆ. ಹಿಂದೆ ಇಂಥ ಬೋರ್ಡುಗಳಲ್ಲಿ ಹಲ್ಲು ಕೀಳುವ, ಹಲ್ಲು ಕಟ್ಟುವ ಮಾತಿರುತ್ತಿತ್ತು. ಈಗ 'ಇಂಪ್ಲಾಂಟ್' ಎಂಬ ಹೊಸ ಮಾತು ಬಂದಿದೆ. ಪಕ್ಕದಲ್ಲೊಂದು ಮುಖ, ಬಾಯಿ ತುಂಬ ಬಿಳಿ ಹಲ್ಲು. ಆ ಮುಖ ಅಡಿಕೆ ಸುಲಿಯುವವರದ್ದಲ್ಲ, ಕೆಂಪುಕಲ್ಲಿನ ಕೋರೆಯಲ್ಲಿ ದುಡಿಯುವವರದ್ದಲ್ಲ, ಬೀಡಿ ಕಟ್ಟುವವರದ್ದೂ ಅಲ್ಲ.

ಹೋರಾಟದ ಪತ್ರಿಕೆಗೆ ಈ ಹಲ್ಲಿನ ಉಸಾಬರಿ ಯಾಕೆ ಅಂತ ಕೆಲವು ಗೆಳೆಯರು ಕೇಳಬಹುದು. ನಮಗೆ ಭೂಮಿ ಇಲ್ಲ, ಮನೆಯಡಿಗೆ ಹಕ್ಕುಪತ್ರ ಇಲ್ಲ, ಕಾಲೇಜಿಗೆ ಹೋಗುವ ಹುಡುಗಿಗೆ ಹಾಸ್ಟೆಲಿಲ್ಲ, ಇದರ ನಡುವೆ ತಿರುಪು ಹಾಕಿ ಕೂರಿಸುವ ಹಲ್ಲು ಶ್ರೀಮಂತರ ಶೋಕಿಯಲ್ಲವೇ? ಇನ್ನೊಂದು ಕಡೆಯಿಂದ ಮಾರುಕಟ್ಟೆ ಹೇಳುತ್ತದೆ: ನಿಮ್ಮ ನಗು ನಿಮ್ಮ ಆಸ್ತಿ, ದುಡ್ಡು ಕೊಡಿ, ನಗಿ. ಈ ಎರಡು ಮಾತೂ ಒಂದೇ ಕಡೆ ಹೋಗಿ ನಿಲ್ಲುತ್ತವೆ ಅಂತ ನಮಗೆ ಅನ್ನಿಸಿದೆ. ಎರಡೂ ಹಲ್ಲನ್ನು ಅಲಂಕಾರ ಅಂತ ಒಪ್ಪಿಕೊಂಡಿವೆ. ಒಂದು ಅಲಂಕಾರವನ್ನು ಮಾರುತ್ತದೆ, ಇನ್ನೊಂದು ಅಲಂಕಾರವನ್ನು ಹಳಿಯುತ್ತದೆ. ಅನ್ನ ಜಗಿಯುವ ಮತ್ತು ಮಾತಾಡುವ ಅಂಗ ಅಂತ ಹೇಳುವವರು ಯಾರೂ ಇಲ್ಲ.

ಆದ್ದರಿಂದ ನಮ್ಮ ಪ್ರಶ್ನೆ ಇದು. ದುಡಿದು, ಹಸಿದು, ಕಾಯಿಲೆಯಾಗಿ ಸವೆದುಹೋದ ದೇಹದ ಒಂದು ಭಾಗವನ್ನು ಮತ್ತೆ ಕೂರಿಸುವ ವಿದ್ಯೆ ಲೋಕದಲ್ಲಿರುವಾಗ, ಅದು ಯಾರಿಗೆ ಸಲ್ಲಬೇಕು? ಬಡವರು ಅದನ್ನು ಬಯಸುವುದು ದುರಾಸೆಯೋ, ಹಕ್ಕೋ?

*

ಮೊದಲು ವಸ್ತು ಏನೆಂದು ತಿಳಿಯೋಣ. ಉದುರಿದ ಹಲ್ಲಿನ ಜಾಗದಲ್ಲಿ ದವಡೆಯ ಎಲುಬನ್ನು ಕೊರೆದು ಟೈಟಾನಿಯಂ ಲೋಹದ ಸಣ್ಣ ತಿರುಪೊಂದನ್ನು ಹೂಳುತ್ತಾರೆ. ಸಾಮಾನ್ಯವಾಗಿ ಮೂರರಿಂದ ಆರು ತಿಂಗಳು ಕಾಯಬೇಕು. ಎಲುಬು ಆ ಲೋಹವನ್ನು ಹೊರಗಿನದು ಅಂತ ತಳ್ಳುವುದಿಲ್ಲ. ಅದರ ಮೈಗೆ ಅಂಟಿಯೇ ಬೆಳೆಯುತ್ತದೆ. ಆಮೇಲೆ ತಿರುಪಿನ ಮೇಲೊಂದು ಗೂಟ, ಗೂಟದ ಮೇಲೆ ಪಿಂಗಾಣಿಯಂಥ ಹಲ್ಲು. ರಾತ್ರಿ ತೆಗೆದು ನೀರಿನ ಲೋಟದಲ್ಲಿ ಇಡುವ ಸೆಟ್ಟಿನ ಹಾಗಲ್ಲ ಇದು. ಜಗಿಯುವಾಗ ಅಲ್ಲಾಡುವುದಿಲ್ಲ, ಅಕ್ಕಪಕ್ಕದ ಹಲ್ಲನ್ನು ಅರೆಯಬೇಕಿಲ್ಲ.

ಇದನ್ನು ಕಂಡುಹಿಡಿದವನು ಸ್ವೀಡನ್ನಿನ ಪೆರ್ ಇಂಗ್ವಾರ್ ಬ್ರೋನೆಮಾರ್ಕ್. 1952ರಲ್ಲಿ ಅವನು ಹುಡುಕುತ್ತಿದ್ದದ್ದು ಹಲ್ಲನ್ನಲ್ಲ. ಮೊಲದ ಕಾಲಿನ ಎಲುಬಿನೊಳಗೆ ರಕ್ತ ಹೇಗೆ ಹರಿಯುತ್ತದೆ ಅಂತ ನೋಡಲು ಟೈಟಾನಿಯಂನ ಸಣ್ಣ ಉಪಕರಣವೊಂದನ್ನು ಇಟ್ಟಿದ್ದ. ಕೊನೆಗೆ ತೆಗೆಯಲು ಹೋದರೆ ಬರಲಿಲ್ಲ. ಎಲುಬು ಲೋಹವನ್ನು ತನ್ನದಾಗಿ ಮಾಡಿಕೊಂಡಿತ್ತು. 1965ರಲ್ಲಿ ಯೋಸ್ಟಾ ಲಾರ್ಸನ್ ಎಂಬ ದವಡೆಯ ತೊಂದರೆಯಿದ್ದ ಮನುಷ್ಯನ ಬಾಯಲ್ಲಿ ಮೊದಲ ಬಾರಿಗೆ ಇಂಥ ಬೇರುಗಳನ್ನು ಕೂರಿಸಿದರು. ಅವನು 2006ರಲ್ಲಿ ಸಾಯುವ ತನಕ, ನಲವತ್ತು ವರ್ಷ, ಅವು ಅವನ ಬಾಯಲ್ಲಿದ್ದವು. ಅದೇ 1965ರಲ್ಲಿ ನಮ್ಮ ಕರಾವಳಿಯ ಮಣಿಪಾಲದಲ್ಲಿ ಹಲ್ಲಿನ ಕಾಲೇಜು ಶುರುವಾಯಿತು. ಆಮೇಲೆ ಮಂಗಳೂರು, ದೇರಳಕಟ್ಟೆ, ಸುಳ್ಯದಲ್ಲೂ ಕಾಲೇಜುಗಳಾದವು. ಅಂದರೆ ವಿದ್ಯೆ ನಮಗೆ ದೂರದ್ದಲ್ಲ. ಬಸ್ಸಿನ ದಾರಿಯಲ್ಲೇ ಉಂಟು. ದೂರ ಇರುವುದು ಅದರ ಬೆಲೆ.

ಒಂದು ಹಲ್ಲಿಗೆ ಮೂವತ್ತು ಸಾವಿರ ರೂಪಾಯಿ ಅಂತ ಹಿಡಿಯೋಣ. ಸಾವಿರ ಬೀಡಿಗೆ ಮುನ್ನೂರು ರೂಪಾಯಿ ಮಜೂರಿ ಅಂತಲೇ ಹಿಡಿಯೋಣ. ಹಾಗಾದರೆ ಒಂದು ಹಲ್ಲಿಗೆ ಒಂದು ಲಕ್ಷ ಬೀಡಿ. ದಿನಕ್ಕೆ ಸಾವಿರ ಕಟ್ಟುವ ಚುರುಕಿನ ಕೈಗೂ ನೂರು ದಿನ. ಆ ನೂರು ದಿನ ಮನೆಯಲ್ಲಿ ಅಕ್ಕಿ ಬೇಯಬಾರದು, ಮಗುವಿಗೆ ಜ್ವರ ಬರಬಾರದು, ಗುಂಪಿನ ಸಾಲದ ಕಂತು ಕೇಳುವವರು ಬಾಗಿಲಿಗೆ ಬರಬಾರದು. ಇದು ಒಂದು ಹಲ್ಲಿನ ಲೆಕ್ಕ. ನಮ್ಮ ಹಿರಿಯರ ಬಾಯಲ್ಲಿ ಹೋದದ್ದು ಒಂದಲ್ಲ.

*

ಹಲ್ಲು ಹೋದ ಮೇಲೆ ದವಡೆಯೊಳಗೆ ಏನಾಗುತ್ತದೆ ಅಂತ ನಮ್ಮವರಿಗೆ ಯಾರೂ ಹೇಳುವುದಿಲ್ಲ. ಬೇರಿನ ಕೆಲಸ ತಪ್ಪಿದ ಎಲುಬು ಕರಗತೊಡಗುತ್ತದೆ. ಮೊದಲ ವರ್ಷದಲ್ಲೇ ಸಾಕಷ್ಟು ಕರಗುತ್ತದೆ, ಆಮೇಲೂ ನಿಧಾನ ಸವೆಯುತ್ತಿರುತ್ತದೆ. ಕೆನ್ನೆ ಒಳಗೆ ಬೀಳುತ್ತದೆ, ನಲವತ್ತೈದರ ಹೆಂಗಸು ಅರುವತ್ತೈದರ ಅಜ್ಜಿಯ ಹಾಗೆ ಕಾಣುತ್ತಾಳೆ. ಹತ್ತು ವರ್ಷ ಬಿಟ್ಟು ಕೈಯಲ್ಲಿ ಕಾಸು ಆಯಿತು, ಈಗ ಹಲ್ಲು ಹಾಕಿಸುವ ಅಂತ ಹೋದರೆ ತಿರುಪು ಹಿಡಿಯುವಷ್ಟು ಎಲುಬೇ ಇರುವುದಿಲ್ಲ. ಮೊದಲು ಎಲುಬು ತುಂಬಿಸಬೇಕು, ಅದಕ್ಕೆ ಬೇರೆ ದುಡ್ಡು, ಬೇರೆ ತಿಂಗಳುಗಳು. ಉಳ್ಳವನು ಹಲ್ಲು ಹೋದ ಕೂಡಲೇ ಹೋಗುತ್ತಾನೆ, ಅವನಿಗೆ ಖರ್ಚು ಕಡಿಮೆ. ಇಲ್ಲದವನು ಕಾಯುತ್ತಾನೆ, ಕಾದದ್ದಕ್ಕೆ ಅವನ ಖರ್ಚು ಹೆಚ್ಚು. ಸಾಹುಕಾರನ ಚಕ್ರಬಡ್ಡಿ ನಮಗೆ ಹೊಸತಲ್ಲ. ಅದು ದವಡೆಯ ಒಳಗೂ ನಡೆಯುತ್ತದೆ ಅಂತ ಗೊತ್ತಿರಲಿಲ್ಲ, ಅಷ್ಟೆ.

ಹಲ್ಲಿನ ಡಾಕ್ಟರ ಕುರ್ಚಿ ಎಲ್ಲ ಕಡೆ ಒಂದೇ ನಮೂನೆ. ಅಲ್ಲಿ ಕೇಳುವ ಪ್ರಶ್ನೆ ಮಾತ್ರ ಎರಡು ನಮೂನೆ. ಕಾರಿನಲ್ಲಿ ಬಂದವರಿಗೆ ಕೇಳುವುದು: "ಉಳಿಸುವ ಪ್ರಯತ್ನ ಮಾಡುವಾ?" ಕೈಯಲ್ಲಿ ಮಾಸಿದ ಕೊಡೆ ಹಿಡಿದು ಬಂದ ಅಕ್ಕನಿಗೆ ಹೇಳುವುದು: "ತೆಗೆಯುವುದೇ ಒಳ್ಳೆದು." ಅಕ್ಕನೂ ತಯಾರಾಗಿಯೇ ಬಂದಿರುತ್ತಾಳೆ. "ತೆಗ್ದು ಬಿಡಿ ಡಾಕ್ಟ್ರೇ, ನಾಳೆ ಕೆಲಸಕ್ಕೆ ಹೋಗ್ಲಿಕ್ಕುಂಟು" ಅನ್ನುತ್ತಾಳೆ. ಬೇರಿನ ಚಿಕಿತ್ಸೆಗೆ ಮೂರು ನಾಲ್ಕು ಸಲ ಬರಬೇಕು. ಒಂದೊಂದು ಸಲಕ್ಕೂ ಒಂದೊಂದು ದಿನದ ಕೂಲಿ, ಬಸ್ಸಿನ ಚಾರ್ಜು. ಕಿತ್ತರೆ ಒಂದೇ ದಿನ. ಹೀಗೆ ಉಳಿಯಬಹುದಾಗಿದ್ದ ಹಲ್ಲು ಡಬ್ಬಕ್ಕೆ ಬೀಳುತ್ತದೆ. ಇದನ್ನು ಆ ಅಕ್ಕ ತಾನೇ ಆರಿಸಿಕೊಂಡದ್ದು ಅಂತ ಹೇಳುವವರಿದ್ದಾರೆ. ಆರಿಸಿಕೊಳ್ಳಲು ಎರಡು ಬೇಕು ಸ್ವಾಮಿ. ಒಂದೇ ಇದ್ದಲ್ಲಿ ಆಯ್ಕೆ ಎಲ್ಲಿಂದ ಬಂತು?

*

ಕಾನೂನು ಏನು ಹೇಳುತ್ತದೆ ನೋಡಿ. 1860ರ ಭಾರತ ದಂಡ ಸಂಹಿತೆಯ 320ನೆಯ ಕಲಮು ಯಾವುದು ಘೋರ ಗಾಯ ಅಂತ ಪಟ್ಟಿ ಮಾಡಿತ್ತು. ಕಣ್ಣು ಹೋಗುವುದು, ಕಿವಿ ಹೋಗುವುದು, ಅದರ ಜತೆಗೇ ಎಲುಬು ಅಥವಾ ಹಲ್ಲು ಮುರಿಯುವುದು, ಸ್ಥಾನ ತಪ್ಪುವುದು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 116ನೆಯ ಕಲಮಿನಲ್ಲೂ ಅದೇ ಮಾತು ಉಂಟು. ಗದ್ದೆಯ ಅಂಚಿನಲ್ಲಿ ಧಣಿಯೊಬ್ಬ ಮುಷ್ಟಿಯಿಂದ ಗುದ್ದಿ ಒಂದು ಹಲ್ಲು ಉದುರಿಸಿದರೆ ಅದು ಘೋರ ಗಾಯ. ಪೊಲೀಸರು ಬರೆದುಕೊಳ್ಳಬೇಕು, ಕೋರ್ಟು ಕೇಳಬೇಕು.

ಅದೇ ಬಾಯಲ್ಲಿ ಇಪ್ಪತ್ತು ವರ್ಷದಲ್ಲಿ ಹತ್ತು ಹಲ್ಲು ಒಂದೊಂದಾಗಿ ಉದುರಿದರೆ? ಬಸುರಿಯಲ್ಲಿ ಹೊಟ್ಟೆಗೆ ಸರಿಯಾಗಿ ಇಲ್ಲದೆ, ವಸಡು ಕೀತು ರಕ್ತ ಬರುವಾಗ ನೋಡುವವರಿಲ್ಲದೆ, ಸಕ್ಕರೆ ಕಾಯಿಲೆ ಇದೆ ಅಂತಲೇ ಗೊತ್ತಾಗದೆ ಉದುರಿದರೆ? ಆಗ ಆರೋಪಿ ಇಲ್ಲ. ಗಾಯ ಅದೇ, ನೋವು ಅದೇ, ಉದುರಿದ್ದು ಹತ್ತು ಪಟ್ಟು. ಆದರೆ ಹೊಡೆದ ಕೈ ಕಾಣುವುದಿಲ್ಲ. ಕೈ ಕಾಣದಿದ್ದರೆ ಹೊಡೆತವೇ ಇಲ್ಲ ಅನ್ನುವುದು ನ್ಯಾಯವೇ? ನಿಧಾನವಾಗಿ ಬಿದ್ದ ಏಟನ್ನು ಏಟು ಅಂತ ಕರೆಯುವುದಕ್ಕೆ ನಮ್ಮ ನೀತಿಶಾಸ್ತ್ರದಲ್ಲಿ ಶಬ್ದವಿಲ್ಲ. ಹಣೆಬರಹ, ಪ್ರಾಯ, ಚಟ ಅನ್ನುವ ಶಬ್ದಗಳು ಮಾತ್ರ ಇವೆ.

ಈ 'ಚಟ' ಅನ್ನುವ ಮಾತನ್ನು ನಿಂತು ನೋಡಬೇಕು. ಎಲೆ ಅಡಿಕೆ ಹೊಗೆಸೊಪ್ಪು ತಿಂದು ಹಲ್ಲು ಹಾಳುಮಾಡಿಕೊಂಡಿರಿ ಅಂತ ನಮ್ಮವರಿಗೆ ಬೈಯುವುದು ಸುಲಭ. ಅಡಿಕೆ ಕ್ಯಾನ್ಸರಿಗೆ ಕಾರಣ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗ 2004ರಲ್ಲಿ ಹೇಳಿದೆ; ಹೊಗೆಸೊಪ್ಪಿನ ವಿಷಯ ಹೇಳುವುದೇ ಬೇಡ. ಇದನ್ನು ನಮ್ಮ ಜನಕ್ಕೆ ತಿಳಿಸುವುದು ನಮ್ಮದೇ ಕೆಲಸ, ಅದರಲ್ಲಿ ಮುಲಾಜಿಲ್ಲ. ಆದರೆ ಅಡಿಕೆ ತೋಟದ ನಡುವೆ ಬದುಕಿ, ಬೆಳಗಿನ ಗಂಜಿಗೂ ಮಧ್ಯಾಹ್ನದ ಊಟಕ್ಕೂ ನಡುವಿನ ಹಸಿವನ್ನು ಒಂದು ತುಂಡು ಅಡಿಕೆಯಿಂದ ಮುಚ್ಚುವುದನ್ನು ಕಲಿತವರು ಯಾಕೆ ಕಲಿತರು? ಅದೇ ಎಲೆ ಅಡಿಕೆ ಧಣಿಯ ಚಾವಡಿಯಲ್ಲಿ ಬೆಳ್ಳಿಯ ಹರಿವಾಣದಲ್ಲಿ ಬಂದರೆ ತಾಂಬೂಲ, ಮರ್ಯಾದೆ, ಸಂಸ್ಕೃತಿ. ನಮ್ಮ ಬಾಯಲ್ಲಿ ಕೆಂಪಾದರೆ ಕೊಳಕು. ಪದಾರ್ಥ ಒಂದೇ ಇದ್ದು ಬಾಯಿ ಬದಲಾದರೆ ಹೆಸರು ಬದಲಾಗುವುದು ಹೇಗೆ?

*

ಬಾಯಿ ಬದಲಾದರೆ ಎಲ್ಲವೂ ಬದಲಾಗುವ ನಾಡು ಇದು. ಜಾತಿಯ ಮೊದಲ ಕತೆಯೇ ಬಾಯಿಯದು. ಒಬ್ಬರು ಬಾಯಿಂದ ಹುಟ್ಟಿದರಂತೆ, ಒಬ್ಬರು ಕಾಲಿನಿಂದ, ನಾವು ಎಲ್ಲಿಂದಲೂ ಹುಟ್ಟಲಿಲ್ಲವಂತೆ. ನಮ್ಮ ತುಳುನಾಡಿನಲ್ಲೇ 'ಅಂಡೆ ಕೊರಗರು' ಎಂಬ ಹೆಸರಿತ್ತು. ಕುತ್ತಿಗೆಗೆ ಒಂದು ಅಂಡೆ ಕಟ್ಟಿಕೊಂಡು ಅದರಲ್ಲೇ ಉಗುಳಬೇಕಾಗಿದ್ದ ಜನ ಅವರು. ಅವರ ಎಂಜಲು ದಾರಿಯ ಮಣ್ಣಿಗೆ ಬೀಳಬಾರದಾಗಿತ್ತು. 1909ರಲ್ಲಿ ಎಡ್ಗರ್ ಥರ್ಸ್ಟನ್ ತನ್ನ ಗ್ರಂಥದಲ್ಲಿ ಇದನ್ನು ದಾಖಲಿಸಿದ್ದಾನೆ. ಪೇಶ್ವೆಗಳ ಪುಣೆಯಲ್ಲಿ ಇದೇ ಬಗೆಯ ಮಡಕೆಯ ಕತೆಯನ್ನು ಬಾಬಾಸಾಹೇಬರು 1936ರಲ್ಲಿ ಬರೆದರು. ಓದಿದವರು ಅದು ದೂರದ ಪುಣೆಯದು ಅಂದುಕೊಂಡಿರಬಹುದು. ಇಲ್ಲೂ ಇತ್ತು.

ಉಗುಳಿನದು ಹಾಗಾದರೆ ಉಣ್ಣುವುದು ಹೇಗೆ? ಅಜಲು ಪದ್ಧತಿಯಲ್ಲಿ ಕೊರಗರಿಗೆ ಕೂದಲು, ಉಗುರು ಬೆರೆಸಿದ ಅನ್ನ ತಿನ್ನಿಸುತ್ತಿದ್ದರು, ಮೇಲಿನವರ ರೋಗ ಇವರಿಗೆ ದಾಟಲಿ ಅಂತ. ಅದನ್ನು ನಿಷೇಧಿಸಿ ಕರ್ನಾಟಕ ಸರಕಾರ ಕಾಯಿದೆ ತಂದದ್ದು 2000ದಲ್ಲಿ. ಇಪ್ಪತ್ತನೆಯ ಶತಮಾನ ಮುಗಿಯುವ ತನಕ ಕಾಯಬೇಕಾಯಿತು. 1989ರ ದೌರ್ಜನ್ಯ ತಡೆ ಕಾಯಿದೆಯ ಮೂರನೆಯ ಕಲಮಿನ ಅಪರಾಧಗಳ ಪಟ್ಟಿಯಲ್ಲಿ ಮೊದಲನೆಯದೇ ತಿನ್ನಬಾರದ್ದನ್ನು, ಹೇಸಿಗೆಯದನ್ನು ತಿನ್ನಿಸುವುದು. ಕಾನೂನು ಮಾಡಿದವರಿಗೂ ಗೊತ್ತಿತ್ತು, ಈ ದೇಶದಲ್ಲಿ ಜಾತಿ ಮೊದಲು ಕೈ ಹಾಕುವುದು ಬಾಯಿಗೆ.

ಆದ್ದರಿಂದಲೇ ನಮ್ಮ ಬಾಯಿಯ ಪ್ರಶ್ನೆಯನ್ನು ಬರೀ ಆರೋಗ್ಯ ಇಲಾಖೆಯ ಪ್ರಶ್ನೆ ಅಂತ ಬಿಡಲು ನಾವು ತಯಾರಿಲ್ಲ. ಯಾರ ಬಾಯಿಗೆ ಏನು ಬೇಕಾದರೂ ತುರುಕಬಹುದು ಅಂತ ಶತಮಾನಗಳ ಕಾಲ ನಂಬಿದ್ದರೋ, ಆ ಬಾಯಲ್ಲಿ ಈಗ ಒಳ್ಳೆಯ ಹಲ್ಲು ಇರಬೇಕು ಅನ್ನುವುದು ಆತ್ಮಗೌರವದ ಮಾತು.

*

ಹಲ್ಲಿನ ಚರಿತ್ರೆಯಲ್ಲಿ ಇನ್ನೊಂದು ಪುಟವಿದೆ. ಅದನ್ನು ನಮ್ಮ ಶಾಲೆಯ ಪುಸ್ತಕದಲ್ಲಿ ಯಾರೂ ಬರೆಯಲಿಲ್ಲ. ಅಮೆರಿಕದ ಮೊದಲ ಅಧ್ಯಕ್ಷ ಜಾರ್ಜ್ ವಾಷಿಂಗ್ಟನ್ನನ ಹಲ್ಲುಗಳು ಬೇಗ ಉದುರಿದ್ದವು. 1784ರ ಅವನ ಎಸ್ಟೇಟಿನ ಲೆಕ್ಕದ ಪುಸ್ತಕದಲ್ಲಿ ನೀಗ್ರೋಗಳಿಗೆ ಒಂಬತ್ತು ಹಲ್ಲಿಗಾಗಿ ಕಾಸು ಕೊಟ್ಟ ಒಂದು ಸಾಲಿದೆ, ಹಲ್ಲಿನ ವೈದ್ಯನೊಬ್ಬನ ಹೆಸರಿನಲ್ಲಿ. ಅವು ಒಡೆಯನ ಬಾಯಿಗೇ ಹೋದವೋ ಬೇರೆಲ್ಲಿಗೆ ಹೋದವೋ ಲೆಕ್ಕ ಹೇಳುವುದಿಲ್ಲ. ಯಾರ ಬಾಯಿಂದ ಬಂದವು ಅನ್ನುವುದನ್ನೂ ಹೇಳುವುದಿಲ್ಲ. ಗುಲಾಮರಿಗೆ ಲೆಕ್ಕದಲ್ಲಿ ಸಂಖ್ಯೆ ಉಂಟು, ಹೆಸರಿಲ್ಲ. ಮಾರಿದರು ಅಂತ ಬರೆದರೂ, ತನ್ನ ಮೈಯೇ ತನ್ನದಲ್ಲದವನು ಹಲ್ಲು ಮಾರುವುದು ಹೇಗೆ?

ಅದೇ ಕಾಲದ ಲಂಡನ್ನಿನಲ್ಲಿ ಜಾನ್ ಹಂಟರ್ ಎಂಬ ದೊಡ್ಡ ವೈದ್ಯ ಒಬ್ಬರ ಬಾಯಿಂದ ಕಿತ್ತ ಹಲ್ಲನ್ನು ಕೂಡಲೇ ಇನ್ನೊಬ್ಬರ ಬಾಯಲ್ಲಿ ನೆಡುವ ವಿದ್ಯೆಯನ್ನು ಬೆಳೆಸಿದ. ಕೀಳಿಸಿಕೊಂಡವರು ಬಡವರ ಮಕ್ಕಳು, ನೆಡಿಸಿಕೊಂಡವರು ಸಾಹುಕಾರರು. 1787ರಲ್ಲಿ ಥಾಮಸ್ ರೋಲಂಡ್ಸನ್ ಇದನ್ನೇ ವ್ಯಂಗ್ಯಚಿತ್ರವಾಗಿ ಬರೆದ. ಹೊಗೆಗೂಡು ಗುಡಿಸುವ ಹುಡುಗನ ಹಲ್ಲು ಕೀಳುತ್ತಿದ್ದಾರೆ, ಪಕ್ಕದಲ್ಲಿ ದೊಡ್ಡ ಮನೆಯ ಹೆಂಗಸು ಕಾಯುತ್ತಿದ್ದಾಳೆ. 1815ರ ವಾಟರ್ಲೂ ಯುದ್ಧದಲ್ಲಿ ಸತ್ತ ಸಿಪಾಯಿಗಳ ಬಾಯಿಂದ ಕಿತ್ತ ಹಲ್ಲುಗಳು ಕಟ್ಟುಹಲ್ಲಿನ ಅಂಗಡಿಗಳಿಗೆ ಹೋದವು. ಹಲ್ಲು ಯಾವಾಗಲೂ ಕೆಳಗಿನ ಬಾಯಿಂದ ಮೇಲಿನ ಬಾಯಿಗೇ ಹತ್ತಿದೆ. ಮೇಲಿನಿಂದ ಕೆಳಗೆ ಇಳಿದದ್ದು ಒಂದು ಸಲವೂ ಇಲ್ಲ.

ಈ ದೃಷ್ಟಿಯಿಂದ ನೋಡಿದರೆ ಟೈಟಾನಿಯಂ ತಿರುಪು ಒಂದು ದೊಡ್ಡ ಬಿಡುಗಡೆ. ಅದಕ್ಕಾಗಿ ಯಾವ ಬಡವರ ಬಾಯಿಯನ್ನೂ ಬರಿದುಮಾಡಬೇಕಿಲ್ಲ. ವಿಜ್ಞಾನ ತನ್ನ ಪಾಲಿನ ಕೆಲಸ ಮಾಡಿದೆ. ಇದನ್ನು ನಾವು ಮನಸಾರೆ ಒಪ್ಪಬೇಕು. ಯಂತ್ರ ಕಂಡರೆ ಮುಖ ತಿರುಗಿಸುವ ಹಳೆಯ ಸಾತ್ವಿಕರ ಜತೆ ನಮ್ಮ ಜಗಳ ಇವತ್ತಿನದಲ್ಲ.

ವಿಜ್ಞಾನ ಇನ್ನೊಂದು ತಮಾಷೆಯನ್ನೂ ಮಾಡಿದೆ. ದವಡೆಯ ಎಲುಬು ಕರಗಿದವರಿಗೆ ತುಂಬಿಸುವ ಪುಡಿ ಹಲವು ಬಗೆಯದು. ಅದರಲ್ಲಿ ಬಹಳ ಬಳಕೆಯಲ್ಲಿರುವುದು ದನದ ಎಲುಬಿನಿಂದ ಮಾಡಿದ್ದು. ಅದರ ಜೈವಿಕ ಅಂಶವನ್ನೆಲ್ಲ ತೆಗೆದು, ಶುದ್ಧಮಾಡಿ, ಸಣ್ಣ ಸೀಸೆಯಲ್ಲಿ ತುಂಬಿಸಿ ಮಾರುತ್ತಾರೆ. ದನದ ಮಾಂಸ ತಿಂದರು ಅಂತಲೇ ಒಂದು ಜನವನ್ನು ಊರಾಚೆ ಇಟ್ಟರು ಅಂತ ಅಂಬೇಡ್ಕರ್ 1948ರಲ್ಲಿ ವಾದಿಸಿದರು. ಸತ್ತ ದನ ಹೊತ್ತವರನ್ನು, ಎಲುಬು ಆಯ್ದವರನ್ನು ಮುಟ್ಟಬಾರದು ಅಂದರು. ಈಗ ಅದೇ ಎಲುಬು ಪುಡಿಯಾಗಿ ಮಡಿವಂತರ ದವಡೆಯಲ್ಲೂ ಕೂರಬಹುದು, ಅದರ ಮೇಲೆ ಹಲ್ಲು ಬರಬಹುದು, ಆ ಹಲ್ಲಿನಿಂದ ಪ್ರಸಾದ ಜಗಿಯಬಹುದು. ಯಾರನ್ನೂ ಅಣಕಿಸಲು ಇದನ್ನು ಹೇಳುತ್ತಿಲ್ಲ. ಎಲುಬಿಗೆ ಜಾತಿ ಗೊತ್ತಿಲ್ಲ. ದವಡೆಗೂ ಗೊತ್ತಿಲ್ಲ. ತಲೆಯೊಂದಕ್ಕೇ ಗೊತ್ತಿರುವುದು.

*

ಈಗ ನಮ್ಮವರದೇ ಒಂದು ಆಕ್ಷೇಪಕ್ಕೆ ಬರೋಣ. "ನಮ್ಮ ಅಜ್ಜಿ ಬೊಚ್ಚುಬಾಯಲ್ಲೇ ಬದುಕಿದಳು, ಗಂಜಿ ಕುಡಿದು ಎಂಬತ್ತು ದಾಟಿದಳು, ಹಲ್ಲಿಲ್ಲದೆ ಏನು ಕೊರತೆಯಾಯಿತು?" ಈ ಮಾತಿನಲ್ಲಿ ಪ್ರೀತಿ ಉಂಟು. ಅನ್ಯಾಯವೂ ಉಂಟು. ಅಜ್ಜಿ ಗಂಜಿ ಕುಡಿದದ್ದು ಗಂಜಿ ಇಷ್ಟ ಅಂತಲೋ, ಬೇರೆ ಏನೂ ಜಗಿಯಲಾಗದೆಯೋ? ಮದುವೆ ಮನೆಯಲ್ಲಿ ಕೋಳಿಯ ತುಂಡನ್ನು ಎಲೆಯ ಬದಿಗೆ ಸರಿಸಿ ಸಾರು ಮಾತ್ರ ಹೀರಿಕೊಂಡದ್ದನ್ನು ನಾವು ವೈರಾಗ್ಯ ಅಂತ ಕರೆಯಬೇಕೇ? ಹಲ್ಲಿದ್ದವರಿಗೆ ಕಡಲೆಯಿಲ್ಲ, ಕಡಲೆಯಿದ್ದವರಿಗೆ ಹಲ್ಲಿಲ್ಲ ಅಂತ ಗಾದೆ ಹೇಳುತ್ತದೆ. ಗಾದೆ ಮಾಡಿದವರು ಕಡಲೆಯೂ ಇಲ್ಲದ, ಹಲ್ಲೂ ಇಲ್ಲದ ಜನರನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

ಸರಳತೆ ದೊಡ್ಡ ಗುಣ, ಒಪ್ಪುತ್ತೇವೆ. ಆದರೆ ಬಿಡುವ ಮೊದಲು ಕೈಯಲ್ಲಿ ಇರಬೇಕು. ಗಾಂಧೀಜಿಯ ಬೊಚ್ಚು ನಗೆ ದೇಶದ ಗೋಡೆಗಳ ಮೇಲೆಲ್ಲ ಪಟವಾಯಿತು, ಅದು ತ್ಯಾಗದ ಗುರುತಾಯಿತು. ಕೊಪ್ಪದ ಕೊರಗಜ್ಜನೊಬ್ಬ ಬುಟ್ಟಿ ಮಾರಲು ಪೇಟೆಗೆ ಬಂದು ಅದೇ ಬೊಚ್ಚು ಬಾಯಿ ತೆರೆದು ನಕ್ಕರೆ ಅಂಗಡಿಯವನು ಒಂದು ಹೆಜ್ಜೆ ಹಿಂದೆ ಸರಿಯುತ್ತಾನೆ. ಎರಡು ಬಾಯಲ್ಲೂ ಹಲ್ಲಿಲ್ಲ. ಒಂದರಲ್ಲಿ ಸಂತ ಕಂಡ, ಇನ್ನೊಂದರಲ್ಲಿ ಕೊಳಕು ಕಂಡಿತು. ಬಾಬಾಸಾಹೇಬರು ಕೋಟು, ಟೈ ಬಿಡದೆ ಹಾಕಿಕೊಂಡದ್ದು ಯಾಕೆ ಅನ್ನುವುದು ಇಲ್ಲಿ ಅರ್ಥವಾಗಬೇಕು. ಹರಕು ಬಟ್ಟೆಯನ್ನು ನಮ್ಮ ಮೇಲೆ ಕಟ್ಟಳೆಯಾಗಿ ಹೇರಿದ ಸಮಾಜದಲ್ಲಿ ಒಳ್ಳೆಯ ಬಟ್ಟೆ ಒಂದು ಹೇಳಿಕೆ. ಹಾಗೆಯೇ, ಕೀಳಿಸಿಕೊಂಡು ಸುಮ್ಮನಿರು ಅಂತ ಹೇಳುವ ಕಡೆ 'ನನಗೂ ಒಳ್ಳೆಯ ಹಲ್ಲು ಬೇಕು' ಅನ್ನುವುದು ಒಂದು ಹೇಳಿಕೆ.

ಹಾಗಂತ ಸಾಲ ಮಾಡಿ ಹಲ್ಲು ಹಾಕಿಸಿ ಅಂತ ನಾವು ಹೇಳುತ್ತಿಲ್ಲ. ಅಲ್ಲಿ ಬೇರೆ ಬಲೆ ಉಂಟು. ಕಂತಿನಲ್ಲಿ ಟಿವಿ ಕೊಟ್ಟ ಹಾಗೆ ಕಂತಿನಲ್ಲಿ ಹಲ್ಲು ಕೊಡುವ ಕಾಲ ಬಂದಿದೆ. ಮುಂದಿನ ಎರಡು ಹಲ್ಲು ಹೋದ ಹುಡುಗಿಗೆ ಸಂದರ್ಶನದಲ್ಲಿ ಕೈ ಅಡ್ಡ ಹಿಡಿದು ಮಾತಾಡುವ ಸಂಕಟ. ಹುಡುಗನ ಕಡೆಯವರು ನೋಡಲು ಬರುವ ದಿನ ತುಟಿ ಬಿಗಿಯುವ ಸಂಕಟ. ಈ ಸಂಕಟವನ್ನೇ ಮಾರುಕಟ್ಟೆ ಬಂಡವಾಳ ಮಾಡಿಕೊಂಡಿದೆ. ತಿರುಪು ಹಾಕಿದ ಹಲ್ಲಿಗೂ ಆರೈಕೆ ಬೇಕು, ವರ್ಷ ವರ್ಷ ತೋರಿಸಬೇಕು. ತಂಬಾಕು ಬಿಡದಿದ್ದರೆ, ಸಕ್ಕರೆ ಕಾಯಿಲೆ ಹಿಡಿತದಲ್ಲಿ ಇಲ್ಲದಿದ್ದರೆ ಅದೂ ಸಡಿಲಾಗುವ ಅಪಾಯ ಹೆಚ್ಚು. ಆಗ ಹಲ್ಲು ಹೋಗುತ್ತದೆ, ಕಂತು ಉಳಿಯುತ್ತದೆ. ಒಬ್ಬೊಬ್ಬರೇ ಅಂಗಡಿಗೆ ಹೋಗಿ ಕೊಂಡು ತರುವ ಸಮಾನತೆ ಸಮಾನತೆಯಲ್ಲ. 1974ರ ಭೂಸುಧಾರಣೆಯಲ್ಲಿ ಈ ಜಿಲ್ಲೆಯ ಗೇಣಿದಾರರಿಗೆ ಭೂಮಿ ಬಂತು, ಅದು ದೊಡ್ಡ ಬದಲಾವಣೆಯೇ. ಆದರೆ ಗೇಣಿಯೂ ಇಲ್ಲದೆ ಬರೀ ಕೂಲಿಯಾಗಿದ್ದವರ ಕೈಗೆ ಬಂದದ್ದು ಬಹಳ ಕಡಿಮೆ. ಒಂದಿಷ್ಟು ಇದ್ದವರಿಗೆ ಇನ್ನಷ್ಟು ಸಿಗುವ ದಾರಿಯಲ್ಲಿ ಏನೂ ಇಲ್ಲದವರು ಹೊರಗೇ ಉಳಿಯುತ್ತಾರೆ. ಹಲ್ಲಿನ ವಿಷಯದಲ್ಲೂ ಅದೇ ಆಗಬಾರದು.

*

ಬೇರೆ ದೇಶಗಳಲ್ಲಿ ಇದನ್ನು ರಾಜಕೀಯದ ಪ್ರಶ್ನೆಯಾಗಿಯೇ ಎತ್ತಿದ್ದಾರೆ. ವೇಲ್ಸಿನ ಗಣಿ ಕಾರ್ಮಿಕನ ಮಗ ಅನ್ಯೂರಿನ್ ಬೆವನ್. ಹದಿಮೂರನೆಯ ವಯಸ್ಸಿಗೇ ಕಲ್ಲಿದ್ದಲ ಗಣಿಗೆ ಇಳಿದವನು. ಅವನು ಬ್ರಿಟನ್ನಿನ ಆರೋಗ್ಯ ಮಂತ್ರಿಯಾಗಿದ್ದಾಗ 1948ರ ಜುಲೈಯಲ್ಲಿ ಎಲ್ಲರಿಗೂ ಉಚಿತ ವೈದ್ಯಸೇವೆ ಶುರುವಾಯಿತು; ಕಟ್ಟುಹಲ್ಲು, ಕನ್ನಡಕ ಕೂಡ ಅದರಲ್ಲಿ ಸೇರಿದ್ದವು. ಮೂರೇ ವರ್ಷದಲ್ಲಿ, ಯುದ್ಧದ ಸಿದ್ಧತೆಗೆ ದುಡ್ಡು ಬೇಕು ಅಂತ, ಹಲ್ಲಿಗೂ ಕನ್ನಡಕಕ್ಕೂ ಶುಲ್ಕ ಹಾಕಲು ಅವನದೇ ಪಕ್ಷದ ಸರಕಾರ ಹೊರಟಿತು. 1951ರ ಎಪ್ರಿಲ್‌ನಲ್ಲಿ ಬೆವನ್ ಮಂತ್ರಿ ಪದವಿಗೆ ರಾಜೀನಾಮೆ ಕೊಟ್ಟು ಹೊರಬಂದ. ಬಡವರ ಕಟ್ಟುಹಲ್ಲಿನ ಪ್ರಶ್ನೆಯಲ್ಲಿ ಕುರ್ಚಿ ಬಿಟ್ಟ ಮಂತ್ರಿಯೊಬ್ಬ ಲೋಕದಲ್ಲಿದ್ದ ಅನ್ನುವುದನ್ನು ನಮ್ಮ ಹುಡುಗರು ತಿಳಿದಿರಬೇಕು. ಬ್ರೋನೆಮಾರ್ಕನ ಸ್ವೀಡನ್ ಕೂಡ 1974ರಲ್ಲಿ ಹಲ್ಲಿನ ಚಿಕಿತ್ಸೆಯನ್ನು ಸರಕಾರಿ ವಿಮೆಯೊಳಗೆ ತಂದಿತು.

ನಮ್ಮಲ್ಲೂ ಏನೂ ಆಗಿಲ್ಲ ಅಂತಲ್ಲ. ಕಳೆದ ದಶಕದಲ್ಲಿ ಕರ್ನಾಟಕ ಸರಕಾರ 'ದಂತಭಾಗ್ಯ' ಎಂಬ ಯೋಜನೆ ತಂದು ಬಡ ಹಿರಿಯರಿಗೆ ಉಚಿತವಾಗಿ ಹಲ್ಲಿನ ಸೆಟ್ಟು ಕೊಡುವ ದಾರಿ ಮಾಡಿತು. ಸೆಟ್ಟು ಹಾಕಿಕೊಂಡು ಎಷ್ಟೋ ವರ್ಷದ ಮೇಲೆ ಚಪಾತಿ ಹರಿದು ತಿಂದವರ ಸಂತೋಷವನ್ನು ಹಗುರವಾಗಿ ನೋಡುವ ಹಕ್ಕು ಯಾರಿಗೂ ಇಲ್ಲ. ಆದರೆ ಆ ಹೆಸರಿನಲ್ಲಿರುವ 'ಭಾಗ್ಯ' ಎಂಬ ಶಬ್ದ ನಮ್ಮನ್ನು ಕಾಡುತ್ತದೆ. ಭಾಗ್ಯ ಅಂದರೆ ಅದೃಷ್ಟ. ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ದಾನಕ್ಕೆ ಬಂದ ಹಸುವಿನ ಹಲ್ಲು ಎಣಿಸಬಾರದು ಅಂತ ಬಾಯಿ ಮುಚ್ಚಿಸುವುದಕ್ಕೆ ಗಾದೆ ಬೇರೆ ಉಂಟು. ತೆರಿಗೆ ಕಟ್ಟುವವರು ನಾವೂ ಹೌದು. ಬೆಂಕಿಪೆಟ್ಟಿಗೆ ಕೊಂಡಾಗಲೂ ಕಟ್ಟುತ್ತೇವೆ. ಇದು ದಾನವಲ್ಲ. ಆದ್ದರಿಂದ ಹಲ್ಲು ಎಣಿಸುತ್ತೇವೆ. ಬಾಯಲ್ಲಿ ನಿಲ್ಲದ ಸೆಟ್ಟು ಡಬ್ಬಿಯಲ್ಲಿ ಉಳಿದಿದ್ದರೆ ಯಾಕೆ ನಿಲ್ಲಲಿಲ್ಲ ಅಂತ ಕೇಳುತ್ತೇವೆ. ಹಲ್ಲೆಲ್ಲ ಹೋದ ಮೇಲೆ ಸೆಟ್ಟು ಕೊಡುವ ಸರಕಾರ, ಹಲ್ಲು ಹೋಗುವ ಮೊದಲು ಎಲ್ಲಿತ್ತು ಅಂತಲೂ ಕೇಳುತ್ತೇವೆ.

ಇದರ ಜತೆ ಕಾಲೇಜುಗಳ ಲೆಕ್ಕವೂ ಇದೆ. ಹಲ್ಲಿನ ವಿದ್ಯೆ ಕಲಿಯುವ ಹುಡುಗರಿಗೆ ಪಾಠ ಸಿಗುವುದು ಯಾರ ಬಾಯಲ್ಲಿ? ಹಳ್ಳಿಗಳಲ್ಲಿ ಶಿಬಿರ ನಡೆಯುತ್ತದೆ, ವ್ಯಾನು ಬರುತ್ತದೆ, ನಮ್ಮವರು ಹೋಗಿ ಬಾಯಿ ತೆರೆದು ಕೂರುತ್ತಾರೆ. ಕೀಳುವುದು ಉಚಿತ, ತೊಳೆಯುವುದು ಉಚಿತ. ಅದರಿಂದ ನಮಗೆ ಉಪಕಾರವಾಗಿದೆ. ಕಲಿಯುವವರಿಗೂ ಉಪಕಾರವಾಗಿದೆ. ನಮ್ಮ ಬಾಯಿ ಅವರ ಪಠ್ಯಪುಸ್ತಕವಾಗಿದ್ದರೆ, ಆ ಪುಸ್ತಕ ಓದಿ ಕಲಿತ ಅತಿ ದೊಡ್ಡ ವಿದ್ಯೆ ಪುಸ್ತಕಕ್ಕೂ ಸಿಗಬೇಡವೇ? ಕೀಳುವ ಪಾಠ ನಮ್ಮ ಮೇಲೆ, ನೆಡುವ ಪಾಠ ಬೇರೆಯವರ ಮೇಲೆ ಅನ್ನುವುದು ಯಾವ ನೀತಿ?

ನಾವು ಕೇಳುವುದು ಕೈಗೆಟುಕದ್ದೇನಲ್ಲ. ತಾಲೂಕು ಆಸ್ಪತ್ರೆಗಳಲ್ಲಿ ಇಕ್ಕಳದ ಜತೆಗೆ ಹಲ್ಲು ತುಂಬಿಸುವ, ಬೇರು ಉಳಿಸುವ ಚಿಕಿತ್ಸೆಯೂ ದಿನಾ ನಡೆಯಬೇಕು. ಚಿಕಿತ್ಸೆಗೆ ಹೋದ ದಿನದ ಕೂಲಿ ಕಳೆಯದ ಹಾಗೆ ಬೀಡಿ, ತೋಟ, ಕೋರೆಯ ಕಾರ್ಮಿಕರಿಗೆ ರಕ್ಷಣೆ ಬೇಕು. ಹಲ್ಲೆಯಲ್ಲಿ ಹಲ್ಲು ಕಳೆದುಕೊಂಡವರಿಗೆ, ಕೆಲಸದಲ್ಲಿ ಬಿದ್ದು ದವಡೆ ಒಡೆದವರಿಗೆ, ಬಾಯಿಯ ಕ್ಯಾನ್ಸರಿನಿಂದ ಬದುಕಿ ಬಂದವರಿಗೆ ಇಂಪ್ಲಾಂಟ್ ಸರಕಾರದ ಖರ್ಚಿನಲ್ಲಿ ಮೊದಲು ಸಿಗಬೇಕು. ಯಾರಿಗೆ ಸೆಟ್ಟು ಸಾಕು, ಯಾರಿಗೆ ತಿರುಪು ಬೇಕು ಅನ್ನುವುದನ್ನು ದವಡೆ ನೋಡಿ ನಿರ್ಧರಿಸಲಿ, ಕಿಸೆ ನೋಡಿ ಬೇಡ.

*

ಕನ್ನಡದಲ್ಲಿ ಹಲ್ಲಿನ ಮಾತು ಎಷ್ಟೊಂದು! ಹಲ್ಲು ಗಿಂಜುವುದು, ಹಲ್ಲು ಕಿರಿಯುವುದು, ಹಲ್ಲು ಕಚ್ಚಿ ಸಹಿಸುವುದು, ಹಲ್ಲು ಮಸೆಯುವುದು. ಮೊದಲ ಮೂರನ್ನು ನಮ್ಮ ಹಿರಿಯರಿಗೆ ಚಾವಡಿಯ ಅಂಗಳ ಕಲಿಸಿತು. ನಾಲ್ಕನೆಯದನ್ನು ಮನಸ್ಸಿನಲ್ಲೇ ಇಟ್ಟುಕೊಂಡರು. ಮಾತಾಡುವುದಕ್ಕೂ ಹಲ್ಲು ಬೇಕು. ತ, ದ, ನ ಇವೆಲ್ಲ ದಂತ್ಯಗಳು ಅಂತ ವ್ಯಾಕರಣದ ಮೇಷ್ಟ್ರು ಹೇಳಿಕೊಟ್ಟಿದ್ದಾರೆ. ದಲಿತ ಎಂಬ ಶಬ್ದದ ಮೊದಲ ಅಕ್ಷರ ಹಲ್ಲಿನಿಂದ ಹುಟ್ಟುತ್ತದೆ, ಕೊನೆಯ ಅಕ್ಷರವೂ ಹಲ್ಲಿನಿಂದ. ನಮ್ಮ ಹೆಸರನ್ನು ನಾವೇ ಸ್ಪಷ್ಟವಾಗಿ ಹೇಳಬೇಕಾದರೂ ನಾಲಿಗೆಗೆ ತಾಗುವಲ್ಲಿ ಒಂದು ಹಲ್ಲಿರಬೇಕು.

ಊರಿನ ಶಾಲೆಗಳಲ್ಲಿ ಕಲಿಸುವ ಗೆಳೆಯರಿಗೆ ಒಂದು ಮಾತು. ಮಕ್ಕಳ ಹಾಜರಿ ಕರೆಯುವಾಗ ವಾರಕ್ಕೊಮ್ಮೆಯಾದರೂ ಬಾಯಿ ತೆರೆಸಿ ನೋಡಿ. ಆರನೆಯ ವರ್ಷದ ಸುಮಾರಿಗೆ ಹಿಂದೆ ಹುಟ್ಟುವ ದವಡೆ ಹಲ್ಲು ಮತ್ತೆ ಹುಟ್ಟುವುದಿಲ್ಲ ಅಂತ ತಾಯಂದಿರಿಗೆ ಹೇಳಿ. ಹಾಲುಹಲ್ಲು ಅಂತ ತಿಳಿದು ಅದನ್ನು ಬಿಟ್ಟುಬಿಡುವವರು ಬಹಳ. ವಿದ್ಯಾರ್ಥಿ ಗೆಳೆಯರಿಗೆ ಇನ್ನೊಂದು ಮಾತು. ನಿಮ್ಮ ಕಾಲನಿಯ ಅಕ್ಕನೋ ಚಿಕ್ಕಪ್ಪನೋ ಕೆನ್ನೆ ಹಿಡಿದುಕೊಂಡು ಆಸ್ಪತ್ರೆಗೆ ಹೊರಟರೆ ಒಬ್ಬರೇ ಕಳಿಸಬೇಡಿ, ಜತೆಗೆ ಹೋಗಿ. ಕುರ್ಚಿಯ ಪಕ್ಕದಲ್ಲಿ ನಿಂತುಕೊಳ್ಳಿ. ಡಾಕ್ಟರು ಇಕ್ಕಳಕ್ಕೆ ಕೈ ಹಾಕುವ ಮೊದಲು, ಜೋರು ಮಾಡದೆ, ತಲೆಯನ್ನೂ ತಗ್ಗಿಸದೆ ಕೇಳಿ: "ಡಾಕ್ಟ್ರೇ, ಇದನ್ನು ಉಳಿಸ್ಲಿಕ್ಕೆ ಆಗ್ತದಾ?"